ಕಲ್ಲಾಗುವ ಯೋಗ ಎಲ್ಲ ಮೀನಿಗಿಲ್ಲ

ಕೇಳುಗರಿಗೆ ನಮಸ್ಕಾರ.

2016ರ ಮಾರ್ಚ್‌ನಲ್ಲಿ ನಮ್ಮ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದವು. ನೀರಲ್ಲಿ ಆಮ್ಲಜನಕ ಸಾಲದೆ ಹೋಗಿತ್ತು. ಕೋಟಿ ವರ್ಷ ಕಳೆದ ಮೇಲೆ ಯಾರಾದರೂ ಅಲ್ಲಿ ಅಗೆದರೆ ಆ ಮೀನುಗಳ ಗುರುತು ಸಿಗುತ್ತದಾ? ಕಷ್ಟ. ತೇಲಿದ ಮೀನನ್ನು ಜನ ಬಾಚಿ ತೆಗೆಯುತ್ತಾರೆ. ಬಿಟ್ಟರೆ ಹದ್ದು, ನಾಯಿಗಳ ಪಾಲು. ಅದೂ ಅಲ್ಲದೆ ನಮ್ಮವು ಕಟ್ಟಿದ ಕೆರೆಗಳು, ಆಗಾಗ ಹೂಳೆತ್ತಲೇಬೇಕು. ಹೂಳೇ ಹೋದ ಮೇಲೆ ಪಳೆಯುಳಿಕೆ ಎಲ್ಲಿಂದ ಬರಬೇಕು?

ಅಮೆರಿಕದ ವಯೋಮಿಂಗ್‌ನಲ್ಲಿ ಕೆಮರರ್ ಅಂತ ಒಂದು ಊರು. ಸುಮಾರು 5 ಕೋಟಿ ವರ್ಷಗಳ ಹಿಂದೆ ಅದರ ಹತ್ತಿರ ಒಂದು ಸರೋವರವಿತ್ತು. ಈಗ ಬರೀ ಒಣ ಗುಡ್ಡ. ಅಲ್ಲಿಯ ಸುಣ್ಣಕಲ್ಲು ಚಿರೋಟಿಯ ಎಸಳಿನ ಹಾಗೆ ಪದರ ಪದರವಾಗಿದೆ. ಉಳಿಯಿಟ್ಟು ಸೀಳಿದರೆ ಒಳಗೆ ಮೀನು! ಮುಳ್ಳು, ರೆಕ್ಕೆ, ಹುರುಪೆ ಎಲ್ಲ ಇದ್ದ ಹಾಗೇ ಇರುತ್ತವೆ.

ಇದು ಹೇಗೆ ಸಾಧ್ಯ? ಆಳದ ನೀರಲ್ಲಿ ಒತ್ತಡ ಜಾಸ್ತಿ. ಸತ್ತ ಮೀನಿನ ಹೊಟ್ಟೆ ಅಷ್ಟಾಗಿ ಉಬ್ಬುವುದಿಲ್ಲ, ಅದು ತಳದಲ್ಲೇ ಉಳಿಯುತ್ತದೆ. ತಳದಲ್ಲಿ ಆಮ್ಲಜನಕ ಇಲ್ಲದಿದ್ದರೆ ಹುಳ, ಏಡಿ ಬದುಕುವುದಿಲ್ಲ. ಕಿತ್ತು ತಿನ್ನುವವರೇ ಇಲ್ಲ. ಮೇಲಿಂದ ನುಣ್ಣನೆಯ ಸುಣ್ಣದ ಪುಡಿ ಇಳಿದು ನಿಧಾನವಾಗಿ ಮುಚ್ಚುತ್ತದೆ. ವಿಚಿತ್ರ ಅಲ್ವಾ? ಹಲಸೂರಲ್ಲಿ ಮೀನನ್ನು ಕೊಂದ ಕೊರತೆಯೇ ಅಲ್ಲಿ ಮೀನನ್ನು ಕಾಪಾಡಿತು.

ಅಲ್ಲಿ ಅತಿ ಹೆಚ್ಚು ಸಿಗುವುದು ನೈಟಿಯಾ ಅನ್ನೋ ಪುಟ್ಟ ಮೀನು, ನಮ್ಮ ಬೂತಾಯಿಯ ದೂರದ ನೆಂಟ. ಕೆಲವು ಚಪ್ಪಡಿಗಳಲ್ಲಿ ನೂರಾರು ಒಟ್ಟಿಗೇ ಸತ್ತು ಬಿದ್ದಿವೆ. ಡಿಪ್ಲೊಮಿಸ್ಟಸ್ ಅನ್ನೋ ದೊಡ್ಡ ಮೀನೊಂದು ನೈಟಿಯಾವನ್ನು ನುಂಗಲು ಹೋಗಿ, ಅದು ಗಂಟಲಲ್ಲಿ ಸಿಕ್ಕಿಕೊಂಡು ಹಾಗೇ ಕಲ್ಲಾದದ್ದೂ ಉಂಟು. ನನಗೆ ಅಲ್ಲಿಯ ಎಲ್ಲ ಕಲ್ಲುಗಳಿಗಿಂತ ಇದೇ ಇಷ್ಟ. ಆಸೆಬುರುಕತನ ಎಷ್ಟು ಹಳೆಯದು ನೋಡಿ!

ಲಾಲ್‌ಬಾಗ್ ಬಂಡೆಯಲ್ಲಿ ಮೀನು ಹುಡುಕಬೇಡಿ. ಅದಕ್ಕೆ ಸುಮಾರು 300 ಕೋಟಿ ವರ್ಷ. ಆಗ ಮೀನು ಅನ್ನೋ ಜೀವಿಯೇ ಇರಲಿಲ್ಲ. ನಮ್ಮ ದೇಶದಲ್ಲಿ ನೋಡಬೇಕಾದರೆ ಮಹಾರಾಷ್ಟ್ರ-ತೆಲಂಗಾಣ ಗಡಿಯ ಪ್ರಾಣಹಿತಾ ನದಿಯ ದಂಡೆಗೆ, ಸಿರೋಂಚಾ ಹತ್ತಿರದ ಕೋಟಾ ಅನ್ನೋ ಹಳ್ಳಿಯ ಕಡೆಗೆ ಹೋಗಬೇಕು. ಬಾರಾಪಾಸಾರಸ್ ಡೈನೋಸಾರ್‌ನ ಮೂಳೆಗಳು ಸಿಕ್ಕಿದ್ದು ಆ ಕಡೆಯ ಶಿಲೆಗಳಲ್ಲೇ. ಡೈನೋಸಾರ್ ಅಂದ ತಕ್ಷಣ ಜನ ಮೀನನ್ನು ಮರೆತುಬಿಡುತ್ತಾರೆ! ಕೋಟಾದ ಸುಣ್ಣಕಲ್ಲಿನಲ್ಲಿ ಲೆಪಿಡೋಟಿಸ್ ಅನ್ನೋ ಮೀನಿದೆ. ಅದರ ಹುರುಪೆ ದಪ್ಪ, ಹೊಳಪು, ಹಲ್ಲಿನಷ್ಟು ಗಟ್ಟಿ. ಹಾಗಾಗಿ ಇಡೀ ಮೀನು ಸಿಗದ ಕಡೆಯೂ ಅದರ ಬಿಡಿ ಹುರುಪೆಗಳು ಸಿಗುತ್ತವೆ.

ನಮಸ್ಕಾರ.