ಮದುವೆಗೆ ಮುಯ್ಯಿ, ನೆರೆಗೆ ಹರಕು ಸೀರೆ

ನಮಸ್ಕಾರ. ಚಿಕ್ಕಮಗಳೂರಿನಿಂದ ಮಾತನಾಡುತ್ತಿದ್ದೇನೆ. ಮಳೆ ಹಿಡಿದಿದೆ. ಶೀಟಿನ ಮೇಲೆ ಬೀಳುವ ಹನಿಗಳ ಸದ್ದು ನಿಮ್ಮ ಕಿವಿಗೆ ಬಿದ್ದರೆ ಅದನ್ನೇ ಹಿನ್ನೆಲೆ ಸಂಗೀತವೆಂದು ಭಾವಿಸಿಕೊಳ್ಳಿ. ಬೇರೆ ಸಂಗೀತ ಹಾಕಿಸುವಷ್ಟು ಚಂದಾದಾರರು ಈ ವಾಹಿನಿಗೆ ಇನ್ನೂ ಆಗಿಲ್ಲ, ಆಗದಿರುವುದಕ್ಕೆ ಕಾರಣರು ಯಾರೆಂದು ನಿಮಗೇ ಗೊತ್ತು.

ಕಳೆದ ಸಂಚಿಕೆಯಲ್ಲಿ ನಾನು ಹೇಳಿದ್ದು ಬಹಳ ಸರಳವಾದ ಮಾತು. ಗುಡ್ಡ ಜರಿದೋ ನೆರೆ ಬಂದೋ ಮನೆ ಕಳೆದುಕೊಂಡವರಿಗೆ ನೀವು ಏನಾದರೂ ಕೊಡುವುದಾದರೆ ಹಣ ಕೊಡಿ, ಸಾಧ್ಯವಾದಷ್ಟೂ ಅವರ ಕೈಗೇ, ಅವರ ಖಾತೆಗೇ ಸೇರುವಂತೆ ಕೊಡಿ, ಅದರಲ್ಲಿ ಏನು ಕೊಳ್ಳಬೇಕೆಂಬುದನ್ನು ಅವರಿಗೇ ಬಿಡಿ ಎಂದಿದ್ದೆ. ಅದರ ಕೆಳಗೆ ಒಬ್ಬ ಮಹನೀಯರು ಕಾಮೆಂಟು ಹಾಕಿದ್ದಾರೆ: "ಸಾರ್, ದುಡ್ಡು ಕೊಟ್ರೆ ಕುಡಿದು ಹಾಳು ಮಾಡ್ತಾರೆ. ಬಟ್ಟೆ ಕೊಡಿ, ಅಕ್ಕಿ ಕೊಡಿ, ಉಪಯೋಗಕ್ಕಾದ್ರೂ ಬರುತ್ತೆ." ಈ ಕಾಮೆಂಟಿಗೆ ಬಿದ್ದಿರುವ ಲೈಕುಗಳು ನನ್ನ ಇಡೀ ಸಂಚಿಕೆಗೆ ಬಿದ್ದಿರುವ ಲೈಕುಗಳಿಗಿಂತ ಹೆಚ್ಚು. ಆದ್ದರಿಂದ ಇಂದು ಆನೆಗಳ ಬಗ್ಗೆ ಮಾತನಾಡಬೇಕೆಂದಿದ್ದವನು ಆನೆಗಳನ್ನು ಮುಂದಿನ ವಾರಕ್ಕೆ ಕಳುಹಿಸಿ, ಈ ಮಹನೀಯರನ್ನು ಎದುರಿಗೆ ಕೂರಿಸಿಕೊಂಡಿದ್ದೇನೆ.

ಸ್ವಾಮಿ, ನಮ್ಮ ಕಡೆಯ ಮದುವೆಗಳಿಗೆ ನೀವು ಹೋಗಿರುತ್ತೀರಿ. ಛತ್ರದ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು, ಹುಡುಗನ ಕಡೆಯ ಯಾರೋ ಒಬ್ಬ ಲೆಕ್ಕದಲ್ಲಿ ಗಟ್ಟಿಯಾದ ನೆಂಟರು ಪುಸ್ತಕ ಬಿಚ್ಚಿ ಕುಳಿತಿರುತ್ತಾರೆ. ನೀವು ಲಕೋಟೆಯಲ್ಲಿ ಐನೂರ ಒಂದು ರೂಪಾಯಿ ಇಟ್ಟು, ಹೆಸರು ಮತ್ತು ಊರು ಬರೆಸಿ, ಊಟಕ್ಕೆ ಹೋಗುತ್ತೀರಿ. ಅದಕ್ಕೆ ಮುಯ್ಯಿ ಎನ್ನುತ್ತೇವೆ. ಹುಡುಗನ ಚಿಕ್ಕಪ್ಪ ಸಂಜೆಯಾದರೆ ಎಲ್ಲಿರುತ್ತಾನೆಂಬುದು ಇಡೀ ಊರಿಗೆ ಗೊತ್ತಿರುತ್ತದೆ. ಆದರೂ "ಈ ಮನೆಯವರಿಗೆ ದುಡ್ಡು ಕೊಟ್ಟರೆ ಕುಡಿಯುತ್ತಾರೆ, ಅದರ ಬದಲು ನಮ್ಮ ಹಳೆಯ ಪಂಚೆಯೊಂದನ್ನು ಕೊಡೋಣ" ಎಂದು ಒಬ್ಬರಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ? ಇಲ್ಲ. ಏಕೆಂದರೆ ಮುಯ್ಯಿ ಸರೀಕರ ನಡುವಿನ ವ್ಯವಹಾರ. ಮನೆ ಕಳೆದುಕೊಂಡ ಮರುಕ್ಷಣವೇ ಅದೇ ಮನುಷ್ಯ ನಿಮ್ಮ ಕಣ್ಣಿನಲ್ಲಿ ಸರೀಕನ ಸಾಲಿನಿಂದ ಇಳಿದುಬಿಡುತ್ತಾನೆ, ಅವನ ಕೈಗೆ ಐನೂರು ರೂಪಾಯಿ ಕೊಡಲು ನಿಮಗೆ ಭಯವಾಗತೊಡಗುತ್ತದೆ. ಗುಡ್ಡ ಜರಿದದ್ದು ಅವನ ಮನೆಯ ಮೇಲೆ, ಅವನ ಬುದ್ಧಿಯ ಮೇಲಲ್ಲ.

ಈ ಕುಡಿತದ ವಾದಕ್ಕೆ ಅಂಕಿ ಅಂಶದ ಉತ್ತರವೂ ಇದೆ. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರಾಗಿದ್ದ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ ಅವರು ಲ್ಯಾಟಿನ್ ಅಮೆರಿಕ, ಆಫ್ರಿಕ ಮತ್ತು ಏಷ್ಯಾದ ದೇಶಗಳಲ್ಲಿ ಬಡವರಿಗೆ ನೇರವಾಗಿ ಹಣ ಕೊಟ್ಟಾಗ ಏನಾಯಿತೆಂಬುದರ ಬಗೆಗಿನ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕುಡಿತಕ್ಕೂ ತಂಬಾಕಿಗೂ ಆಗುವ ಖರ್ಚು ಹಣ ಬಂದದ್ದರಿಂದ ಹೆಚ್ಚಿದ್ದು ಅವರಿಗೆ ಕಾಣಲಿಲ್ಲ. ಕೆಲವೆಡೆ ಕಡಿಮೆಯೇ ಆಗಿತ್ತು. ಇದನ್ನು ಹೇಳಿದರೆ ನೀವು "ಅದು ಆಫ್ರಿಕ ಸಾರ್, ನಮ್ಮವರು ಬೇರೆ" ಎನ್ನುತ್ತೀರಿ. ನಮ್ಮವರ ಬಗ್ಗೆ ನಿಮಗಿರುವ ಈ ಅಭಿಮಾನಕ್ಕೆ ನಾನು ತಲೆಬಾಗುತ್ತೇನೆ.

ಹಾಗಾದರೆ ನಮ್ಮವರ ವಿಷಯಕ್ಕೇ ಬರೋಣ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡಗಳು ಜರಿದು, ಚಾರ್ಮಾಡಿ ಘಾಟಿ ಬಂದ್ ಆಗಿ, ಮನೆ ತೋಟಗಳು ಮಣ್ಣುಪಾಲಾದವರು ಗಂಜಿ ಕೇಂದ್ರಗಳಲ್ಲಿ ಕುಳಿತಿದ್ದಾಗ, ಊರೂರುಗಳಿಂದ ಬಂದ ಮೂಟೆಗಳನ್ನು ಬಿಚ್ಚುವ ಕೆಲಸಕ್ಕೆ ನಾನೂ ಕೈಹಾಕಿದ್ದೆ. ಜಿಪ್ಪು ಹೋದ ಪ್ಯಾಂಟು, ಮಗ್ಗುಲು ಬಿಚ್ಚಿದ ರವಿಕೆ, ಜೇಬಿನ ಮೇಲೆ ಯಾವುದೋ ಪಟ್ಟಣದ ಶಾಲೆಯ ಲಾಂಛನವಿದ್ದ ಸಮವಸ್ತ್ರ, ಒಂದೇ ಕಾಲಿನ ಚಪ್ಪಲಿ, ಜರಿ ಕಿತ್ತುಹೋದ ಒಂದು ಶೇರ್ವಾನಿ. ತೋಟ ಕೊಚ್ಚಿಹೋದ ಮನುಷ್ಯ ಶೇರ್ವಾನಿ ಹಾಕಿಕೊಂಡು ತಾಲ್ಲೂಕು ಕಚೇರಿಗೆ ಅರ್ಜಿ ಕೊಡಲು ಹೋಗಲಿ ಎಂದು ಆ ದಾನಿಗಳು ಬಯಸಿದ್ದರೋ ಏನೋ. ಮೂಟೆಯ ಹತ್ತಿರ ಬಂದು ನಿಂತ ಹೆಂಗಸೊಬ್ಬರು ದನಿ ತಗ್ಗಿಸಿ, ಒಳಲಂಗ ಏನಾದರೂ ಇದೆಯೇ ಎಂದು ಕೇಳಿದರು. ಸೀರೆಗಳ ರಾಶಿಯೇ ಇತ್ತು, ಲಂಗ ಒಂದೂ ಇರಲಿಲ್ಲ. ಸೀರೆ ಹಳತಾದರೆ ಕೊಡುತ್ತೇವೆ, ಲಂಗ ಹಳತಾದರೆ ನೆಲ ಒರೆಸುತ್ತೇವೆ, ಆದ್ದರಿಂದ ಲಂಗ ಎಂದೂ ದಾನಕ್ಕೆ ಬರುವುದಿಲ್ಲ. ಇನ್ನೂರು ರೂಪಾಯಿ ಆಕೆಯ ಕೈಯಲ್ಲಿದ್ದಿದ್ದರೆ ನಾಲ್ಕಾರು ಗಂಡಸರ ಎದುರು ಆ ಮಾತನ್ನು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಹತ್ತಿರದ ಬಣಕಲ್ಲಿನ ಅಂಗಡಿಗೆ ಹೋಗಿ ತಮ್ಮ ಅಳತೆಯದ್ದನ್ನು ತಂದುಕೊಳ್ಳುತ್ತಿದ್ದರು. ಮಹನೀಯರೇ, ಆಕೆಗೆ ಬೇಕಾಗಿದ್ದದ್ದು ಹಣ.

ಇದು ನಮ್ಮ ಜಿಲ್ಲೆಗೆ ಸೀಮಿತವಾದ ಕಥೆಯೂ ಅಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದ ಮೇಲೆ ತಮಿಳುನಾಡಿನ ಕರಾವಳಿಗೆ ಹಳೆಯ ಬಟ್ಟೆಗಳು ಲಾರಿಗಟ್ಟಲೆ ಬಂದು, ಅಲ್ಲಿನ ಮೀನುಗಾರ ಕುಟುಂಬಗಳು ಅವನ್ನು ಮುಟ್ಟದೆ, ರಸ್ತೆಯ ಬದಿಗಳಲ್ಲಿ ರಾಶಿ ರಾಶಿಯಾಗಿ ಕೊಳೆತವು. ಆ ರಾಶಿಯಲ್ಲಿ ಸ್ವಲ್ಪವನ್ನು ದೆಹಲಿಯ ಗೂಂಜ್ ಸಂಸ್ಥೆ ಎತ್ತಿಕೊಂಡು, ತೊಳೆದು, ಕತ್ತರಿಸಿ, ಹೆಂಗಸರ ಮುಟ್ಟಿನ ಬಟ್ಟೆಗಳನ್ನಾಗಿ ಮಾಡಿತು. "ನೋಡಿ, ಉಪಯೋಗಕ್ಕೆ ಬಂತಲ್ಲ" ಎಂದು ಕುಣಿಯಬೇಡಿ. ಉಪಯೋಗಕ್ಕೆ ಬಂದದ್ದು ಗೂಂಜ್‌ನವರ ದುಡಿಮೆ, ನಿಮ್ಮ ಪ್ಯಾಂಟಲ್ಲ. 1988ರಲ್ಲಿ ಆರ್ಮೇನಿಯದಲ್ಲಿ ಭೂಕಂಪವಾದಾಗ ಜಗತ್ತು ಕಳುಹಿಸಿದ ಔಷಧಿಗಳ ರಾಶಿಯಲ್ಲಿ ಹೆಚ್ಚಿನವು ಉಪಯೋಗಕ್ಕೆ ಬಾರದೆ, ಅವನ್ನು ವಿಂಗಡಿಸುವುದಕ್ಕೇ ತಿಂಗಳುಗಳು ಹಿಡಿದವು. ವಸ್ತು ಎಂದರೆ ಇಳಿಸಲು ಆಳು, ಇಡಲು ಜಾಗ, ಹಂಚಲು ಸಮಯ. ಸಂಕಟದಲ್ಲಿರುವವರ ಬಳಿ ಇಲ್ಲದಿರುವುದೇ ಈ ಮೂರು.

ನಿಮಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಹೇಳುತ್ತೇನೆ, ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. ಮೊದಲ ವಾರ ಅನ್ನ, ಬಟ್ಟೆ, ಹೊದಿಕೆ ಎಲ್ಲವೂ ಹೇಗೋ ನಡೆಯುತ್ತದೆ. ಎರಡನೆಯ ವಾರದಿಂದ ಕಷ್ಟವೆಲ್ಲ ಕಾಗದಗಳದ್ದು. ಆಧಾರ್ ಕಾರ್ಡು, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಎಲ್ಲವೂ ಮಣ್ಣಿನಡಿ. ಅವುಗಳ ನಕಲು ತೆಗೆಸಲು ಛಾಪಾ ಕಾಗದ, ನೋಟರಿಯ ಫೀಸು, ಜೆರಾಕ್ಸು, ತಾಲ್ಲೂಕು ಕಚೇರಿಗೆ ಹೋಗಿಬರುವ ಬಸ್ ಚಾರ್ಜು, ಹೋದ ದಿನದ ಕೂಲಿ. ಪರಿಹಾರದ ಹಣ ಬಂತೋ ಇಲ್ಲವೋ ತಿಳಿಯಲು ಮೊಬೈಲಿಗೆ ರೀಚಾರ್ಜು ಬೇಕು. ಗುಡ್ಡ ಕುಸಿಯಿತೆಂದು ಸಂಘದ ಸಾಲದ ವಾರದ ಕಂತು ನಿಲ್ಲುವುದಿಲ್ಲ. ಗಿರವಿ ಇಟ್ಟ ಸರಕ್ಕೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಇವುಗಳಲ್ಲಿ ಯಾವುದನ್ನು ನೀವು ಮೂಟೆಯಲ್ಲಿ ಕಟ್ಟಿ ಕಳುಹಿಸುತ್ತೀರಿ? ಸಂಘದ ಕಂತು ವಸೂಲಿಗೆ ಬಂದವನಿಗೆ ಮನೆ ಕಳೆದುಕೊಂಡ ಹೆಂಗಸು ನಿಮ್ಮ ಶೇರ್ವಾನಿಯನ್ನು ಕೊಟ್ಟು ಕಳುಹಿಸಬೇಕೇ?

ಸರ್ಕಾರಕ್ಕೆ ಇದು ಅರ್ಥವಾಗಿದೆ, ನಮ್ಮ ಸರ್ಕಾರಗಳ ಬಗ್ಗೆ ನಾನು ಹೊಗಳಿಕೆಯ ಮಾತಾಡುವುದೇ ಅಪರೂಪ, ಬರೆದಿಟ್ಟುಕೊಳ್ಳಿ. ರಾಜ್ಯ ವಿಪತ್ತು ಸ್ಪಂದನಾ ನಿಧಿಯ 2022ರಿಂದ 2026ರವರೆಗಿನ ನಿಯಮಗಳ ಪ್ರಕಾರ ಮನೆ ಕೊಚ್ಚಿಹೋದ ಕುಟುಂಬಕ್ಕೆ ಬಟ್ಟೆಗೆಂದು 2,500, ಪಾತ್ರೆಪಗಡಗಳಿಗೆಂದು 2,500 ರೂಪಾಯಿ. ಗುಡ್ಡಗಾಡಿನಲ್ಲಿ ಪೂರ್ಣ ಹಾಳಾದ ಪಕ್ಕಾ ಮನೆಗೆ 1.30 ಲಕ್ಷ. ಜೀವ ಹೋದರೆ 4 ಲಕ್ಷ. 2019ರಲ್ಲಿ ಕರ್ನಾಟಕ ಸರ್ಕಾರ ನೆರೆ ಸಂತ್ರಸ್ತ ಕುಟುಂಬಗಳಿಗೆ ತುರ್ತಾಗಿ 10,000 ರೂಪಾಯಿ ಕೊಟ್ಟಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್ಮಲ ಕೊಚ್ಚಿಹೋದಾಗ ಕೇರಳ ಸರ್ಕಾರವೂ ತುರ್ತು ನೆರವಾಗಿ 10,000 ರೂಪಾಯಿ ಕೊಟ್ಟು, ಆಮೇಲೆ ತಿಂಗಳಿಗೆ 6,000 ರೂಪಾಯಿ ಮನೆ ಬಾಡಿಗೆ ಕೊಟ್ಟಿತು. ಕಲ್ಪೆಟ್ಟದ ಹೊಸ ಬಡಾವಣೆಯಲ್ಲಿ ಮನೆ ಬೇಡವೆಂದವರಿಗೆ 15 ಲಕ್ಷ ರೂಪಾಯಿ ಪಡೆಯುವ ಆಯ್ಕೆಯನ್ನೂ ಇಟ್ಟಿತು. ಬೇಕಾದ್ದನ್ನು ಅವರೇ ಆರಿಸಿಕೊಳ್ಳಲಿ ಎಂಬುದು ಸರ್ಕಾರಿ ಕಡತಕ್ಕೇ ಹೊಳೆದಿದೆ.

ಆದರೆ ಸರ್ಕಾರದ ಹಣ ಎಲ್ಲರನ್ನೂ ಮುಟ್ಟುವುದಿಲ್ಲ. ಬೆಳೆ ಪರಿಹಾರ ಪಹಣಿಯನ್ನು ಹುಡುಕಿಕೊಂಡು ಹೋಗುತ್ತದೆ, ಮನೆಯ ಪರಿಹಾರ ಮನೆಯ ದಾಖಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಎಸ್ಟೇಟಿನ ಮಾಲೀಕರು ಕೆಲಸದವರಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿ ಎರಡು ತಲೆಮಾರಿನಿಂದ ಇರುವ ಕಾರ್ಮಿಕನ ಹೆಸರಿನಲ್ಲಿ ಇವೆರಡೂ ಇರುವುದಿಲ್ಲ. ಅತಿವೃಷ್ಟಿಯಿಂದ ಕಾಫಿ ಉದುರಿ ಮಾಲೀಕನ ಖಾತೆಗೆ ಪರಿಹಾರ ಬಂದರೆ "ಅದರಲ್ಲಿ ಕ್ಲಬ್ಬಿನಲ್ಲಿ ಎಷ್ಟು ಖರ್ಚಾಯಿತು" ಎಂದು ನೀವು ಕೇಳಿದ್ದನ್ನು ನಾನು ಕಂಡಿಲ್ಲ. ಅದೇ ತೋಟದ ಲೈನಿನವನಿಗೆ ಎರಡು ಸಾವಿರ ರೂಪಾಯಿ ಕೊಡೋಣವೆಂದರೆ ಮಾತ್ರ ನಿಮಗೆ ಪಾನನಿರೋಧದ ನೆನಪಾಗುತ್ತದೆ. ನಮ್ಮ ಖಾಸಗಿ ದಾನ ಹೋಗಬೇಕಾದದ್ದು ದಾಖಲೆಯೇ ಇಲ್ಲದ ಈ ಜನರಿಗೆ, ಹೋಗಬೇಕಾದದ್ದು ಹಣದ ರೂಪದಲ್ಲಿ. ಮೂರನೆಯ ಸಲ ಹೇಳುತ್ತಿದ್ದೇನೆಯೇ? ಆರನೆಯ ಸಲವೂ ಹೇಳುತ್ತೇನೆ.

ಇನ್ನು ಉಳಿದ ಆಕ್ಷೇಪಗಳು. "ರಸ್ತೆ ಮುಚ್ಚಿ ಅಂಗಡಿಯೇ ಇಲ್ಲದಾಗ ದುಡ್ಡನ್ನು ತಿನ್ನುತ್ತಾರೆಯೇ?" ರಸ್ತೆ ಮುಚ್ಚಿದಾಗ ನಿಮ್ಮ ಲಾರಿಯೂ ಹೋಗುವುದಿಲ್ಲ ಸ್ವಾಮಿ. ಆ ಮೊದಲ ದಿನಗಳು ಎನ್‌ಡಿಆರ್‌ಎಫ್‌ನವರದು, ಸೇನೆಯವರದು, ಪಕ್ಕದ ಊರಿನವರದು. ಇಲ್ಲಿಂದ ವಯನಾಡಿಗೆ ಹೊರಟ ಲಾರಿ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಹಾಕಿದರೆ ಬೆಳಿಗ್ಗೆ ಆರರವರೆಗೆ ನಿಲ್ಲಬೇಕು, ಹಣ ಯಾವ ಗೇಟಿನಲ್ಲಿಯೂ ನಿಲ್ಲುವುದಿಲ್ಲ. "ಹಣವಾದರೆ ನಡುವೆ ತಿನ್ನುತ್ತಾರೆ." ನಿಜ, ನಿಮ್ಮ ಜಿಪ್ಪಿಲ್ಲದ ಪ್ಯಾಂಟನ್ನು ಯಾರೂ ಕದಿಯುವುದಿಲ್ಲ, ಕಳ್ಳರಿಗೂ ಒಂದು ಅಭಿರುಚಿ ಇರುತ್ತದೆ. ಅನುಮಾನವಿದ್ದರೆ ಪರಿಚಯದವರ ಮೂಲಕ ನೇರವಾಗಿ ಕುಟುಂಬದ ಖಾತೆಗೇ ಹಾಕಿ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟರೆ, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ಕೊಟ್ಟ ಮೊತ್ತಕ್ಕೆ ಆದಾಯ ತೆರಿಗೆಯಲ್ಲಿ ಪೂರ್ತಿ ವಿನಾಯಿತಿಯೂ ಸಿಗುತ್ತದೆ. ಹಳೆಯ ಬಟ್ಟೆಗೆ ಆ ಭಾಗ್ಯವಿಲ್ಲ. "ನಮ್ಮ ಹತ್ತಿರ ಹಣವಿಲ್ಲ, ಬಟ್ಟೆಯೇ ಇರುವುದು" ಎನ್ನುವವರಿಗೆ: ನೂರು ರೂಪಾಯಿ ಕೊಡಿ. ಐವತ್ತು ಕೊಡಿ. ಅದೂ ಇಲ್ಲವಾದರೆ ಸುಮ್ಮನಿರಿ, ಕೊಡದಿರುವುದು ಅಪರಾಧವಲ್ಲ.

ನಿಜವಾದ ಕಾರಣ ಏನೆಂದು ನಾನು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ, ಮಾಡಿಕೊಂಡರೂ ಚಂದಾದಾರಿಕೆ ರದ್ದು ಮಾಡಬೇಡಿ. ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಹಣಕ್ಕೆ ಫೋಟೋ ಇಲ್ಲ. ಲಾರಿಗಾದರೆ ಮುಂಭಾಗಕ್ಕೆ ಫ್ಲೆಕ್ಸ್ ಕಟ್ಟಬಹುದು, ಫ್ಲೆಕ್ಸಿನಲ್ಲಿ ಮುಖಂಡರ ಮುಖ ಅಕ್ಕಿಮೂಟೆಗಿಂತ ದೊಡ್ಡದಾಗಿರಬಹುದು, ನಮ್ಮೂರಿನ ಆಜಾದ್ ಪಾರ್ಕಿನ ಎದುರು ಬಾವುಟ ತೋರಿಸಿ ಕಳುಹಿಸಬಹುದು, ಗಂಜಿ ಕೇಂದ್ರದಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣವನ್ನು ಎಂಟು ಜನ ಹಿಡಿದು ಒಬ್ಬ ಅಜ್ಜಿಗೆ ಕೊಡಬಹುದು. ಎಂಟು ಜನ! ಆ ಅಜ್ಜಿ ಯಾವ ಕ್ಯಾಮೆರಾ ನೋಡಬೇಕೆಂದು ತಿಳಿಯದೆ ಬಿಸ್ಕತ್ತನ್ನೇ ನೋಡುತ್ತಿರುತ್ತಾರೆ. ಮರುಕ ನಿಮ್ಮದೇ, ಫೋಟೋ ನಿಮ್ಮದೇ, ಖಾಲಿಯಾದ ಬೀರುವೂ ನಿಮ್ಮದೇ. ಅಜ್ಜಿಗೆ ಉಳಿದದ್ದು ಬಿಸ್ಕತ್ತು. ಹಣ ಕೊಡಿ ಎಂದರೆ ಏಕೆ ಕೋಪ ಬರುತ್ತದೆಂದು ಈಗ ಗೊತ್ತಾಯಿತೇ?

ನನ್ನ ಬಳಿ ಇನ್ನೂ ಎರಡು ಪುಟ ಟಿಪ್ಪಣಿಗಳಿವೆ, ಓದುವ ತಾಳ್ಮೆ ಹೋಗಿದೆ. ಹಣ ಕೊಡಿ. ಕೊಟ್ಟ ಮೇಲೆ ಲೆಕ್ಕ ಕೇಳಬೇಡಿ. ಮನೆ ಕಳೆದುಕೊಂಡಾಕೆ ಆ ದುಡ್ಡಿನಲ್ಲಿ ಅಕ್ಕಿಯನ್ನೇ ಕೊಳ್ಳಲಿ, ಮಗುವಿಗೆ ಒಂದು ಆಟಿಕೆಯನ್ನೇ ಕೊಳ್ಳಲಿ, ಗಂಡ ಒಂದು ಕ್ವಾರ್ಟರನ್ನೇ ಕುಡಿಯಲಿ. ಹೌದು, ಹೇಳಿಬಿಟ್ಟೆ, ಕುಡಿಯಲಿ! ಮನೆಯ ಜಾಗದಲ್ಲಿ ಕೆಸರು ನೋಡಿಬಂದವನು ಒಂದು ರಾತ್ರಿ ಕುಡಿದರೆ ನಿಮ್ಮ ಐನೂರು ರೂಪಾಯಿಯ ಪುಣ್ಯವೇನೂ ಕರಗಿಹೋಗುವುದಿಲ್ಲ. ಈ ಒಂದು ಸಾಲನ್ನು ಕತ್ತರಿಸಿ ಎಲ್ಲೆಡೆ ಹರಡುತ್ತೀರೆಂದು ನನಗೆ ಗೊತ್ತು, ಹರಡುವಾಗ ವಾಹಿನಿಯ ಹೆಸರು ಕಾಣುವಂತೆ ಹರಡಿ.

ಕಾಮೆಂಟು ಹಾಕಿದ ಮಹನೀಯರೇ, ನೀವು ಉತ್ತರ ಬರೆಯುತ್ತೀರಿ, ಬರೆಯಿರಿ, ಅದರಿಂದ ಈ ವಿಡಿಯೋ ಇನ್ನಷ್ಟು ಜನರಿಗೆ ತಲುಪುತ್ತದೆಂದು ತಿಳಿದವರು ಹೇಳಿದ್ದಾರೆ. ಮುಂದಿನ ವಾರ ಸಕಲೇಶಪುರ, ಆಲೂರಿನ ಕಡೆಯ ಕಾಡಾನೆಗಳ ದಾಳಿ ಮತ್ತು ಬೆಳೆ ಪರಿಹಾರದ ಬಗ್ಗೆ ಮಾತನಾಡುತ್ತೇನೆ. ಅಲ್ಲಿಯೂ ನಾನು ಹೇಳುವುದು ಹಣ ಕೊಡಿ ಎಂದೇ, ಈಗಲೇ ತಿಳಿಸಿದ್ದೇನೆ.