ಹಸಿ ಗೋಡಂಬಿ ನಿಜಕ್ಕೂ ಹಸಿಯೇ?

ಎಲ್ಲರಿಗೂ ನಮಸ್ಕಾರ.

ಒಂದು ಗೋಡಂಬಿಯಿಂದ ಶುರು ಮಾಡೋಣ. ಇಗೋ, ಕೈಯಲ್ಲಿದೆ. ಬೆಳ್ಳಗಿದೆ, ಉಪ್ಪಿಲ್ಲ, ಕರಿದಿಲ್ಲ. ಇದು ಹಸಿಯೋ, ಬೆಂದದ್ದೋ? ಹಸಿ ಅನ್ನುವವರು ಕೈ ಎತ್ತಿ. ಹೆಚ್ಚುಕಮ್ಮಿ ಎಲ್ಲರೂ ಎತ್ತಿದಿರಿ. ಹಸಿ ಆಹಾರ, ಅಂದರೆ ಬೇಯಿಸದ್ದನ್ನೇ ತಿನ್ನುವ ಪದ್ಧತಿ, ಶುರು ಮಾಡಿದ ಹೊಸದರಲ್ಲಿ ನಾನೂ ಎತ್ತುತ್ತಿದ್ದೆ.

ಗೋಡಂಬಿಯ ಚಿಪ್ಪಿನ ಒಳಗೆ ಕಂದು ಬಣ್ಣದ, ಎಣ್ಣೆಯಂಥ ರಸ ಇರುತ್ತದೆ. ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಎಂಬ ವಸ್ತುಗಳು ಅದರಲ್ಲಿವೆ. ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಹಾಗಾಗಿ ಸಾಮಾನ್ಯವಾಗಿ ಚಿಪ್ಪು ಒಡೆಯುವ ಮುಂಚೆ ಬೀಜವನ್ನು ಹಬೆಗೆ ಹಾಕುತ್ತಾರೆ, ಇಲ್ಲವೇ ಹುರಿಯುತ್ತಾರೆ. ತಿರುಳು ಹೊರಗೆ ಬಂದ ಮೇಲೆ ಅದರ ತೆಳು ಸಿಪ್ಪೆ ಬಿಡಿಸಲು ಮತ್ತೊಮ್ಮೆ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಅಂದರೆ ನನ್ನ ಕೈಗೆ ಬರುವ ಹೊತ್ತಿಗೆ ಇದು ಎರಡು ಸಲ ಬಿಸಿ ಕಂಡಿದೆ. ಆದರೂ ಪ್ಯಾಕೆಟ್ ಮೇಲೆ 'ರಾ' ಅಂತ ಬರೆದಿರುತ್ತದೆ. ಅದು ಹಸಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಮಾರುವವರ ಲೆಕ್ಕದಲ್ಲಿ 'ರಾ' ಎಂದರೆ ತಿನ್ನಲು ಬೇಕಾದ ಹಾಗೆ ಹುರಿದಿಲ್ಲ, ಕರಿದಿಲ್ಲ, ಅಷ್ಟೇ.

ಮಾತಿನಲ್ಲೇ ಒಂದು ತೊಡಕಿದೆ ನೋಡಿ. ನಾವು ಹಸಿ ಬಟ್ಟೆ ಅಂತೀವಿ, ಹಸಿ ಸೌದೆ ಅಂತೀವಿ, ಹಸಿ ಗೋಡೆ ಅಂತೀವಿ. ಅಲ್ಲೆಲ್ಲ ಹಸಿ ಎಂದರೆ ಒದ್ದೆ, ಇನ್ನೂ ಆರದ್ದು. ಅದೇ ಹಸಿ ತರಕಾರಿ ಅಂದಾಗ ಬೇಯಿಸದ್ದು. ಎರಡೂ ಅರ್ಥ ತಲೆಯಲ್ಲಿ ಸೇರಿಕೊಂಡು, ಒಣಗಿದ್ದನ್ನು ಹಸಿ ಅಂತ ಒಪ್ಪಲು ಮನಸ್ಸು ಹಿಂದೆಮುಂದೆ ನೋಡುತ್ತದೆ. ಇನ್ನೊಂದು ಕಡೆ, ನಮ್ಮ ಒಲೆ ಕಾಣದ್ದೆಲ್ಲ ಹಸಿ ಅಂದುಕೊಳ್ಳುತ್ತೇವೆ. ಅದು ನಮ್ಮ ಮನೆಗೆ ಬರುವ ಮುಂಚೆ ಯಾವ ಒಲೆ ಕಂಡಿದೆ ಅಂತ ಕೇಳುವುದಿಲ್ಲ. ಹೊಸಬರು ಕಲಿಯಬೇಕಾದದ್ದು ಆ ಪ್ರಶ್ನೆಯನ್ನೇ. ನೋಟ, ರುಚಿ, ಲೇಬಲ್ ಯಾವುದನ್ನೂ ನಂಬದೆ ಹಿಂದಿನ ಕಥೆ ಕೇಳಬೇಕು.

ಎಷ್ಟು ಬಿಸಿಯಾದರೆ ಹಸಿ ಅಲ್ಲ? ಹಸಿ ಆಹಾರದವರು ಸಾಮಾನ್ಯವಾಗಿ 40ರಿಂದ 48 ಡಿಗ್ರಿ ಸೆಲ್ಸಿಯಸ್ ನಡುವೆ ಎಲ್ಲೋ ಗೆರೆ ಎಳೆಯುತ್ತಾರೆ. ಅದರ ಮೇಲೆ ಹೋದರೆ ಆಹಾರದ ಕಿಣ್ವಗಳು ಸಾಯುತ್ತವೆ ಅನ್ನುವುದು ಅವರ ವಾದ. ನಾನು ಈ ಗೆರೆಯನ್ನು ಒಂದು ಒಪ್ಪಂದ ಅಂತ ಮಾತ್ರ ನೋಡುತ್ತೇನೆ. ಒಂದೊಂದು ಕಿಣ್ವ ಒಂದೊಂದು ಬಿಸಿಗೆ ಕೆಡುತ್ತದೆ, ಎಲ್ಲವೂ 48ಕ್ಕೆ ಒಟ್ಟಿಗೆ ಕೈ ಎತ್ತುವುದಿಲ್ಲ. ಜೊತೆಗೆ ಕಿಣ್ವವೂ ಪ್ರೋಟೀನೇ. ಹೊಟ್ಟೆಯ ಆಮ್ಲಕ್ಕೆ ಸಿಕ್ಕಿದರೆ ಅದರಲ್ಲಿ ಹೆಚ್ಚಿನದು ಜೀರ್ಣವಾಗಿ ಹೋಗುತ್ತದೆ. ಆಟಕ್ಕೆ ಒಂದು ಗೆರೆ ಬೇಕು, ಅದಕ್ಕೆ ಇದೆ. 48ರ ಬದಲು 50 ಆಯಿತು ಅಂತ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಈಗ ಓಟ್ಸ್‌ಗೆ ಬರೋಣ. ನಾನು ಸರಿಯಾಗಿ ಮೋಸಹೋದದ್ದು ಇಲ್ಲೇ. ಧಾನ್ಯ ಅಲ್ವಾ, ಮೊಳಕೆ ಬರಿಸಿ ತಿನ್ನೋಣ ಅಂತ ಒಂದು ಬಟ್ಟಲು ಓಟ್ಸ್ ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಮಾರನೇ ದಿನ ಬಿಚ್ಚಿದರೆ ಏನೂ ಇಲ್ಲ. ಇನ್ನೊಂದು ದಿನ ನೋಡೋಣ ಅಂತ ಮತ್ತೆ ಕಟ್ಟಿದೆ. ಮೂರನೇ ದಿನ ಅಡುಗೆಮನೆಗೆ ಹೋದರೆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಬಟ್ಟೆ ಬಿಚ್ಚಿದೆ, ಒಳಗೆ ಬೂದು ಬಣ್ಣದ ಅಂಟು, ಕೈಗೆ ಗೋಂದಿನ ಹಾಗೆ ಮೆತ್ತಿಕೊಂಡಿತು. ಆ ಬಟ್ಟೆಯನ್ನೂ ಎಸೆಯಬೇಕಾಯಿತು.

ಓಟ್ಸ್‌ನಲ್ಲಿ ಬೇರೆ ಎಷ್ಟೋ ಧಾನ್ಯಗಳಿಗಿಂತ ಕೊಬ್ಬು ಜಾಸ್ತಿ. ಆ ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಕಾಳಿನಲ್ಲೇ ಇದೆ. ಹೊಟ್ಟು ತೆಗೆದು ಹಾಗೇ ಇಟ್ಟರೆ ಸ್ವಲ್ಪ ದಿನದಲ್ಲೇ ಕಹಿಯಾಗಿ ಕಮಟು ಹಿಡಿಯುತ್ತದೆ. ಅದಕ್ಕೆ ಕಾರ್ಖಾನೆಯಲ್ಲಿ ಕಾಳಿಗೆ ಚೆನ್ನಾಗಿ ಹಬೆ ಕೊಟ್ಟು ಕಿಣ್ವವನ್ನು ಕೊಲ್ಲುತ್ತಾರೆ. ಆಮೇಲೆ ರೋಲರ್ ನಡುವೆ ಹಾಕಿ ಚಪ್ಪಟೆ ಮಾಡುತ್ತಾರೆ. ಬೆಂದ ಕಾಳು, ಅದೂ ಚಪ್ಪಟೆಯಾದದ್ದು, ಮೊಳಕೆ ಎಲ್ಲಿಂದ ಬರಬೇಕು? ಚಪ್ಪಟೆ ಮಾಡದೆ ತುಂಡು ಮಾಡಿದ ಸ್ಟೀಲ್ ಕಟ್ ಓಟ್ಸ್ ಕೂಡ ಸಾಮಾನ್ಯವಾಗಿ ಇದೇ ಬಿಸಿ ಕಂಡಿರುತ್ತದೆ.

ಅಂದಿನಿಂದ ಮೊಳಕೆಯೇ ನನ್ನ ಪರೀಕ್ಷೆ. ಇಡೀ ಕಾಳನ್ನು ನೆನೆಹಾಕಿ. ಮೊಳೆತರೆ ಜೀವ ಇದೆ, ಹಸಿ. ಆದರೆ ಮೊಳೆಯದಿದ್ದರೆ ತಕ್ಷಣ ಬೆಂದದ್ದು ಅಂತ ತೀರ್ಮಾನ ಕೊಡಬೇಡಿ. ಹಳೇ ಕಾಳು ಸುಮ್ನೆ ವಯಸ್ಸಾಗಿ ಸತ್ತಿರಬಹುದು. ಒಡೆದ ಬೇಳೆ ಬಿಸಿಯನ್ನೇ ಕಾಣದಿದ್ದರೂ ಮೊಳೆಯುವುದಿಲ್ಲ.

ಇದಕ್ಕೆ ತಿರುಗುಮುರುಗು ಗೋಧಿ ಹಿಟ್ಟು. ನುಣ್ಣಗೆ ಬೀಸಿ, ಜರಡಿ ಹಿಡಿದು, ಪ್ಯಾಕ್ ಮಾಡಿದ ಹಿಟ್ಟನ್ನು ನೋಡಿದರೆ ಪೂರ್ತಿ ತಯಾರಾದ ವಸ್ತು ಅನಿಸುತ್ತದೆ. ನಿಜ ಏನೆಂದರೆ ಸಾಮಾನ್ಯ ಹಿಟ್ಟು ಹಸಿ. ಹೊಲದಲ್ಲಿ ಗೋಧಿಗೆ ಅಂಟಿದ ರೋಗಾಣುವನ್ನು ಕೊಲ್ಲುವ ಹಂತ ಬೀಸುವ ಕೆಲಸದಲ್ಲಿ ಇಲ್ಲ. 2016ರಲ್ಲಿ ಅಮೆರಿಕದಲ್ಲಿ ಹಿಟ್ಟಿನಿಂದಲೇ ಇ. ಕೋಲಿ ಸೋಂಕು ಹರಡಿತ್ತು. ಹಸಿ ಅನಿಸುವ ಓಟ್ಸ್ ಬೆಂದಿದೆ, ಬೆಂದಂತೆ ಅನಿಸುವ ಹಿಟ್ಟು ಹಸಿ ಇದೆ!

ಬಾದಾಮಿಯ ಕಥೆ ಇನ್ನೂ ಸೊಗಸು. ಜಗತ್ತಿನ ಬಾದಾಮಿಯಲ್ಲಿ ದೊಡ್ಡ ಪಾಲು ಬರುವುದು ಕ್ಯಾಲಿಫೋರ್ನಿಯಾದಿಂದ. ಅಲ್ಲಿನ ಬಾದಾಮಿಯಿಂದ ಸಾಲ್ಮೊನೆಲ್ಲಾ ಹರಡಿದ ಮೇಲೆ, 2007ರ ಸೆಪ್ಟೆಂಬರ್‌ನಿಂದ ಉತ್ತರ ಅಮೆರಿಕದಲ್ಲಿ ಮಾರುವ ಬಾದಾಮಿಗೆ ರೋಗಾಣು ಕೊಲ್ಲುವ ಪಾಶ್ಚರೀಕರಣ ಕಡ್ಡಾಯವಾಯಿತು. ಹಬೆ ಕೊಡಬಹುದು, ಅಥವಾ ಪ್ರೊಪಿಲೀನ್ ಆಕ್ಸೈಡ್ ಎಂಬ ಅನಿಲ ಹಾಯಿಸಬಹುದು. ಆಮೇಲೂ 'ರಾ' ಎಂದೇ ಮಾರಬಹುದು. ಅನಿಲ ಹಾಯಿಸಿದ ಬಾದಾಮಿ ಹಸಿಯೋ ಅಲ್ಲವೋ ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಬಿಸಿಯ ಲೆಕ್ಕ ಹಿಡಿದರೆ ಹಸಿ. ಮುಟ್ಟದೆ ಹಾಗೇ ಇರಬೇಕು ಅನ್ನುವವರಿಗೆ ಅಲ್ಲ. ನಾನು ನೆನೆಸಿ, ಸಿಪ್ಪೆ ಸುಲಿದು ತಿಂದು ಮುಗಿಸುತ್ತೇನೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಫ್ರೋಜನ್ ಬಟಾಣಿಯನ್ನು ಹೆಪ್ಪುಗಟ್ಟಿಸುವ ಮುಂಚೆ ಕುದಿಯುವ ನೀರಿನಲ್ಲೋ ಹಬೆಯಲ್ಲೋ ಒಂದೆರಡು ನಿಮಿಷ ಅದ್ದಿರುತ್ತಾರೆ, ಹಸಿ ಅಲ್ಲ. ಫ್ರೋಜನ್ ಹಣ್ಣು ಹೆಚ್ಚಾಗಿ ಹಸಿಯೇ. ಬಿಸಿಲಿಗೆ ಒಣಗಿದ ದ್ರಾಕ್ಷಿ ನಡೆಯುತ್ತದೆ. ಜೇನುಗೂಡಿನ ಒಳಗೆ ಸುಮಾರು 35 ಡಿಗ್ರಿ ಇರುತ್ತದೆ. ದೊಡ್ಡ ಮಟ್ಟದಲ್ಲಿ ಬಾಟಲಿಗೆ ತುಂಬುವಾಗ ಜೇನು ಸಲೀಸಾಗಿ ಹರಿಯಲಿ, ಬೇಗ ಹರಳುಗಟ್ಟದಿರಲಿ ಅಂತ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯಿಸುವುದುಂಟು. ಹಸಿ ಜೇನಾದರೂ ಸರಿ, ಕಾಯಿಸಿದ್ದಾದರೂ ಸರಿ, ಒಂದು ವರ್ಷ ತುಂಬದ ಮಗುವಿಗೆ ಕೊಡಬೇಡಿ. ರಿಫೈನ್ಡ್ ಎಣ್ಣೆಯ ವಾಸನೆ ತೆಗೆಯುವಾಗ ಬಿಸಿ 200 ಡಿಗ್ರಿ ದಾಟುತ್ತದೆ. ಹಸಿ ಬೇಕಿದ್ದರೆ ಕೋಲ್ಡ್ ಪ್ರೆಸ್ ಎಣ್ಣೆ ನೋಡಿ. ಕೋಕೋ ಬೀಜವನ್ನು ಹುರಿಯದೇ ಇದ್ದರೂ ಹುಳಿಬರಿಸಲು ರಾಶಿ ಹಾಕಿದಾಗ ರಾಶಿಯೇ 45-50 ಡಿಗ್ರಿ ಮುಟ್ಟುತ್ತದೆ. 'ರಾ ಕೋಕೋ' ಅನ್ನುವುದು ಗೆರೆಯ ಮೇಲೆ ಕುಳಿತ ವಸ್ತು.

ಇಲ್ಲಿವರೆಗೆ ಕೇಳಿದ್ದು ಇದು ಹಸಿಯೇ ಅಂತ. ಇದನ್ನು ಹಸಿಯಾಗಿ ತಿನ್ನಬಹುದೇ ಅನ್ನುವುದು ಪೂರ್ತಿ ಬೇರೆ ಪ್ರಶ್ನೆ. ಹೊಸಬರು ಎರಡನ್ನೂ ಬೆರೆಸಿಬಿಡುತ್ತಾರೆ, ಅಪಾಯ ಇರುವುದು ಅಲ್ಲೇ. ರಾಜ್ಮಾ ತೆಗೆದುಕೊಳ್ಳಿ. ಅಪ್ಪಟ ಹಸಿ, ನೆನೆಹಾಕಿದರೆ ಮೊಳೆಯುತ್ತದೆ, ನನ್ನ ಪರೀಕ್ಷೆಯಲ್ಲಿ ಪಾಸ್. ಆದರೆ ಅದರಲ್ಲಿ ಫೈಟೋಹೀಮಾಗ್ಲುಟಿನಿನ್ ಎಂಬ ವಿಷವಿದೆ. ನಾಲ್ಕೈದು ಹಸಿ ಕಾಳು ಸಾಕು, ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಶುರುವಾಗಬಹುದು. ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ ಬೇಯಿಸಲೇಬೇಕು. ಸುಮಾರು 80 ಡಿಗ್ರಿಯಲ್ಲಿ ಅರೆಬೇಯಿಸಿದರೆ ವಿಷ ಹಸಿಯದಕ್ಕಿಂತ ಹೆಚ್ಚಾಗಬಹುದು. ಮರಗೆಣಸೂ ಅಷ್ಟೇ. ಹಸಿಯಾಗಿ ತಿಂದರೆ ಒಳಗೆ ಹೋದ ಮೇಲೆ ಸಯನೈಡ್ ಬಿಡುತ್ತದೆ.

ಮೊಳಕೆಕಾಳನ್ನು ಇಷ್ಟು ಹೊಗಳಿ, ಅದರ ದೂರು ಹೇಳದಿದ್ದರೆ ತಪ್ಪಾಗುತ್ತದೆ. ಬೆಚ್ಚಗೆ, ಒದ್ದೆಯಾಗಿ ಇಟ್ಟರೆ ಮೊಳಕೆ ಬರುತ್ತದೆ. ರೋಗಾಣುವಿಗೂ ಬೇಕಾದದ್ದು ಅದೇ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿತೆನ್ನಲಾದ ಇ. ಕೋಲಿಗೆ 50ಕ್ಕೂ ಹೆಚ್ಚು ಜನ ಸತ್ತರು. ಪದೇ ಪದೇ ತೊಳೆಯಿರಿ, ಮೊಳೆತ ಮೇಲೆ ಫ್ರಿಜ್‌ನಲ್ಲಿಡಿ. ಆದರೆ ತೊಳೆದರೆ ಎಲ್ಲ ಹೋಗುತ್ತದೆ ಅಂತ ನಂಬಬೇಡಿ, ಕಾಳಿನ ಬಿರುಕಿನೊಳಗೆ ಸೇರಿಕೊಂಡದ್ದು ನೀರಿಗೆ ಸಿಗುವುದಿಲ್ಲ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಬೇಯಿಸಿಯೇ ತಿನ್ನಲಿ. ಮನೆಯಲ್ಲಿ ನಾನು ಹಸಿ ತಿಂದರೂ ಉಳಿದವರಿಗೆ ಬೇಯಿಸಿಯೇ ಕೊಡುವುದು.

ಉಪ್ಪು ಹಸಿಯೇ ಅಂತ ಪ್ರತಿ ಸಲವೂ ಒಬ್ಬರಾದರೂ ಕೇಳುತ್ತಾರೆ. ಉಪ್ಪು ಖನಿಜ, ಅದಕ್ಕೆ ಹಸಿಯೂ ಇಲ್ಲ, ಬೆಂದದ್ದೂ ಇಲ್ಲ.

ಈಗ ಈ ಮೇಜಿನ ಮೇಲೆ ಆರು ಡಬ್ಬಿ ಇಟ್ಟಿದ್ದೇನೆ. ಲೇಬಲ್ ಕಿತ್ತು ಹಾಕಿದ್ದೇನೆ. ಒಬ್ಬೊಬ್ಬರೇ ಬನ್ನಿ, ಮೂಸಿ, ಮುಟ್ಟಿ, ಯಾವುದು ಹಸಿ, ಯಾವುದು ಅಲ್ಲ ಅಂತ ಚೀಟಿಯಲ್ಲಿ ಬರೆಯಿರಿ. ಗೋಡಂಬಿ ಒಂದೆರಡು ಕಮ್ಮಿಯಾದರೆ ನಾನೇನೂ ಅನ್ನುವುದಿಲ್ಲ. ಕೊನೇ ಡಬ್ಬಿಯ ಕೆಂಪು ಕಾಳನ್ನು ಮಾತ್ರ ಯಾರೂ ಬಾಯಿಗೆ ಹಾಕಬೇಡಿ.