ಮುತ್ಯಾ ನೋಡಿದ ಕಾರ್ಟೂನ್

ಕೇಳುಗರಿಗೆಲ್ಲಾ ನಮಸ್ಕಾರ್ರಿ. ಕಲಬುರಗಿಯಿಂದ ಮಾತಾಡ್ಲಾಕತ್ತೀನಿ. ಪೇಪರಿನ್ಯಾಗ ಬರೋ ರಾಜಕೀಯ ಕಾರ್ಟೂನ್ ಬಗ್ಗೆ ನಾಕು ಮಾತು ಹೇಳಬೇಕಂತ ಬಂದೀನಿ, ರೇಡಿಯೋದಾಗ ಚಿತ್ರ ಕಾಣಂಗಿಲ್ಲ ಖರೇ, ಅದಕ್ಕ ಮಾತಿನಾಗೇ ತೋರಸ್ತೀನಿ, ನೀವು ಜರಾ ಕಣ್ಣು ಮುಚ್ಚಿ ನೋಡ್ರಿ.

ನಮ್ಮ ಮುತ್ಯಾ ನಿಜಾಮನ ಕಾಲದಾಗ ಸಾಲಿ ಕಲ್ತಾಂವ. ಉರ್ದು ಛಂದ ಓದಂವ, ಮನ್ಯಾಗ ಮಾತು ಕನ್ನಡನೇ, ಆದ್ರ ಕನ್ನಡ ಅಕ್ಷರ ಬರ್ತಿರಲಿಲ್ಲ, ನಮ್ಮ ಭಾಗದಾಗ ಆ ವಯಸ್ಸಿನವ್ರು ಹಿಂಗ ಬಾಳ ಮಂದಿ ಇದ್ರು. ದಿನಾ ಮುಂಜಾನಿ ಕಟ್ಟಿ ಮ್ಯಾಲ ಕುಂತು ಪೇಪರ್ ಬಿಚ್ಚಿ ಮೊದಲ ಕಾರ್ಟೂನ್ ಹುಡುಕಂವ, ನಾ ಓದ್ಲಾಕ ಬಾಯಿ ತೆಗೆದ್ರ "ತಡಿ ತಮ್ಮಾ, ಮೊದಲ ನಾ ನೋಡ್ತೀನಿ" ಅಂತ ಮಾತಿನ ಮ್ಯಾಲ ಹೆಬ್ಬೆರಳು ಇಡಂವ. ಒಂದಿನದ ಚಿತ್ರ ಇನ್ನೂ ನೆನಪದ. ಕೊಳ್ಳಾಗ ಹಾರ ಹಾಕ್ಕೊಂಡ ಲೀಡರ್ ಬೋರ್‌ವೆಲ್ ಮುಂದ ರಿಬ್ಬನ್ ಕತ್ತರಿಸ್ಲಾಕತ್ತಾನ, ಹಿಂದ ಹೆಣ್ಮಕ್ಕಳು ಖಾಲಿ ಕೊಡ ಹಿಡಕೊಂಡು ಸಾಲಾಗಿ ನಿಂತಾರ. ಮುತ್ಯಾ ಅಂದ, "ನೀರು ಬಂತು ಕಾಣಸ್ತದ". ಆಮ್ಯಾಲ ನಾ ಓದಿದೆ, ಲೀಡರ್ ಹೇಳ್ತಾನ, "ನೀರಿನ ಉದ್ಘಾಟನೆ ಮುಂದಿನ ಎಲೆಕ್ಷನ್‌ಗೆ!" ಮುತ್ಯಾ ಜೋರಾಗಿ ನಕ್ಕ, ನಕ್ಕು ಸುಮ್ಮನಾದ. ಯಾಕಂದ್ರ ಆ ಬ್ಯಾಸಗಿಗೆ ನಮ್ಮೂರಿಗೂ ಟ್ಯಾಂಕರ್ ನೀರೇ ಬರ್ತಿತ್ತು.

ಆ ನಗು ಎಲ್ಲಿಂದ ಬಂತು ಅಂತ ನಾ ಬಾಳ ವಿಚಾರ ಮಾಡೀನಿ. ಚಿತ್ರ ಒಂದೇ ಇದ್ರ ಅದು ಸಂತೋಷದ ಫಂಕ್ಷನ್, ಮಾತು ಒಂದೇ ಇದ್ರ ಒಂದು ಆಶ್ವಾಸನಾ, ಎರಡೂ ಕೂಡಿದಾಗ ಆ ಖಾಲಿ ಕೊಡ ಎದ್ದು ಕಾಣಸ್ತದ.

ಇದಕ್ಕ ದೊಡ್ಡ ಉದಾಹರಣಿ ಅಂದ್ರ ಕಾರ್ಟೂನಿಸ್ಟ್ ಅಬು ಅಬ್ರಹಾಂ ಅವರು 1975ರ ಡಿಸೆಂಬರ್‌ದಾಗ ಇಂಡಿಯನ್ ಎಕ್ಸ್‌ಪ್ರೆಸ್‌ಗೆ ಬರೆದದ್ದು. ಎಮರ್ಜೆನ್ಸಿ ಟೈಮು, ಪೇಪರಿಗೆ ಸೆನ್ಸಾರ್ ಇತ್ತು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸ್ನಾನದ ಟಬ್ಬಿನ್ಯಾಗ ಕುಂತಾರ, ಮೈ ಮ್ಯಾಲ ಬಟ್ಟಿ ಇಲ್ಲ, ಸಹಿ ಮಾಡಿದ ಕಾಗದ ಬಾಗಿಲದಾಗ ನಿಂತಾಂವಗ ಕೊಡ್ಲಾಕತ್ತಾರ, ಇನ್ನೂ ಸುಗ್ರೀವಾಜ್ಞೆ, ಅಂದ್ರ ಪಾರ್ಲಿಮೆಂಟ್ ಕೂಡದಾಗ ರಾಷ್ಟ್ರಪತಿ ಸಹಿಯಿಂದ ಬರೋ ಕಾನೂನು, ಇದ್ರ ಸ್ವಲ್ಪ ಕಾಯಲಿಕ್ಕೆ ಹೇಳು ಅಂತಾರ. ಅಷ್ಟೇ ನೋಡ್ರಿ! ಸರ್ವಾಧಿಕಾರ ಅನ್ನೋ ಶಬ್ದ ಎಲ್ಲೂ ಇಲ್ಲ. ಓದದೇ ಸಹಿ ಹಾಕಿದ್ರು ಅಂತ ಬರೆದಿಲ್ಲ, ಆದ್ರ ಜಳಕಾ ಮಾಡೋ ಮನಷಾ ಕಾಗದ ಎಷ್ಟು ಓದ್ಯಾನು ಅಂತ ನಮ್ಮ ತಲಿನೇ ಲೆಕ್ಕ ಹಾಕ್ತದ. ಹೇಳದೇ ಬಿಟ್ಟ ಮಾತು ನೋಡಾಂವನ ತಲ್ಯಾಗ ಪೂರ್ತಿ ಆಗ್ತದ, ಅದು ವಿಡಂಬನದ ಶಕ್ತಿ ಅಂತ ನಾ ನಂಬೀನಿ.

ಮಾತೇ ಇಲ್ಲದ್ದೂ ಮಾತಾಡ್ತದ. ಮೈಸೂರಾಗ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್ ಧೋತರ, ಚೌಕಳಿ ಕೋಟು, ದುಂಡನ ಚಸ್ಮಾ ಹಾಕ್ಕೊಂಡು 1951ರಿಂದ ಮಂತ್ರಿಗಳ ಮಾತೆಲ್ಲಾ ಕೇಳಿಸ್ಕೊಂತ ಸುಮ್ಮನ ನಿಂತಾನ. ಆ ಸುಮ್ಮನಿರೋದೇ ನಮ್ಮ ಬಾಯಿ. ಇನ್ನ ಇಂದಿರಾ ಗಾಂಧಿ ಅವರ ಉದ್ದ ಮೂಗು, ಬಿಳಿ ಕೂದಲದ ಪಟ್ಟಿ, ಅಷ್ಟು ಬರೆದ್ರ ಹೆಸರೇ ಬ್ಯಾಡ. ಖುರ್ಚಿ ಅಂದ್ರ ಅಧಿಕಾರ, ಇದು ಯಾರೂ ಕಲಿಸಬೇಕಿಲ್ಲ.

ಅಮೆರಿಕಾದ ನ್ಯೂಯಾರ್ಕ್‌ದಾಗ ಥಾಮಸ್ ನಾಸ್ಟ್ ಅನ್ನಾಂವ ಟ್ವೀಡ್ ಅನ್ನೋ ಭ್ರಷ್ಟ ಲೀಡರ್‌ನ ಹಿಂದ ಬಿದ್ದು ಚಿತ್ರ ಬರೆದ. ನನ್ನ ಮಂದಿಗಿ ಓದ್ಲಾಕ ಬರಂಗಿಲ್ಲ ಆದ್ರ ಆ ಚಿತ್ರ ನೋಡ್ತಾರಲ್ಲ ಅಂತ ಟ್ವೀಡ್ ಸಂಕಟ ಪಟ್ಟನಂತ. ಜೇಲಿನಿಂದ ತಪ್ಪಿಸ್ಕೊಂಡು ಸ್ಪೇನಿಗೆ ಹೋದಾಗ 1876ರಾಗ ಅಂವನ್ನ ಗುರ್ತು ಹಿಡಿದದ್ದೂ ನಾಸ್ಟ್‌ನ ಕಾರ್ಟೂನಿನಿಂದೇ. ಅದು ಕೇಳಿದಾಗ ನನಗ ನಮ್ಮ ಮುತ್ಯಾನೇ ನೆನಪಾದ.

ಇಷ್ಟು ದೂರ ಯಾಕ, ಬೀದರ್ ಜಿಲ್ಲಾದ ನಮ್ಮ ಬಸವಕಲ್ಯಾಣದಾಗ 12ನೇ ಶತಮಾನದಾಗೇ ಬಸವಣ್ಣನೋರು ಮಾತಿನಾಗೇ ಇಂಥಾ ಚಿತ್ರ ಬರೆದಾರ. ಒಂದು ಚೌಕದಾಗ ಕಲ್ಲಿನ ನಾಗಪ್ಪಗ ಹಾಲು ಎರೀಲಾಕತ್ತಾರ, ಬಾಜೂ ಚೌಕದಾಗ ಖರೇ ಹಾವು ಬಂದ್ರ ಕೊಲ್ಲು ಅಂತಾರ. ಇಟ್ಟು ನೋಡ್ರಿ ಎರಡೂ ಬಾಜೂ ಬಾಜೂ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಬಡವರ ಬಟ್ಟಿ, ಯಾರದೋ ಜಾತಿ, ಮೈಬಣ್ಣ ಹಿಡ್ಕೊಂಡು ನಗಸೋದು ವಿಡಂಬನ ಅಲ್ಲ. ಕಾರ್ಟೂನಿನ ಗೆರಿ ಖುರ್ಚಿ ಮ್ಯಾಲ ಕುಂತಾಂವನ ಕಡಿ ಹೋಗಬೇಕು. ಈಗ ವಾಟ್ಸಾಪ್‌ದಾಗ ಮೀಮ್ ಬಾಳ ಬರ್ತಾವ, ಯಾರು ಮಾಡ್ಯಾರ ಗೊತ್ತಿರಂಗಿಲ್ಲ, ಕಾರ್ಟೂನಿಸ್ಟ್ ಮಾತ್ರ ಕೆಳಗ ತನ್ನ ಹೆಸರು ಹಾಕ್ತಾನ, ಬೈಗಳಾ ಬಂದ್ರೂ ಕೇಸ್ ಬಂದ್ರೂ ಅವಂದೇ. ಅದಕ್ಕ ನನಗ ಆ ಮೂಲ್ಯಾಗಿನ ಸಣ್ಣ ಸಹಿ ಮ್ಯಾಲ ಬಾಳ ಗೌರವ.

ನಾಳಿ ಪೇಪರ್ ಬಂದಾಗ ಮಾತಿನ ಮ್ಯಾಲ ಹೆಬ್ಬೆರಳು ಇಟ್ಟು ಚಿತ್ರ ನೋಡ್ರಿ, ಮನ್ಯಾಗ ಓದ್ಲಾಕ ಬರದ ಆಯಿ ಇದ್ರ ಆಕಿಗೇ ಮೊದಲ ಕೇಳ್ರಿ ಏನು ಕಾಣಸ್ತದ ಅಂತ, ಆಮ್ಯಾಲ ಬೆರಳು ತಗೀರಿ. ಬರ್ತೀನ್ರಿ, ನಮಸ್ಕಾರ.